ಹಂಡೆಯ ನೀರು, ಲೋಟದ ಕಾಫಿ

ಗಾಂಧಿ ಬಜಾರಿನಲ್ಲಿ ಮಂಗವೊಂದು ಅಂಗಡಿಯ ಬುಟ್ಟಿಯಿಂದ ಕಡಲೆಕಾಯಿ ಬಾಚಿ, ಕೆನ್ನೆ ಉಬ್ಬಿಸಿಕೊಂಡು ಹೆಂಚಿನ ಮೇಲೆ ಹತ್ತಿತು. "ಅಗಿಯೋದೇ ಇಲ್ವಲ್ಲ ಸಾರ್, ಇದಕ್ಕೆ ಅಜೀರ್ಣ ಆಗಲ್ವಾ?" ಎಂದರು ಅಂಗಡಿಯವರು. ಆಗುವುದಿಲ್ಲ, ಅದಿನ್ನೂ ನುಂಗಿಯೇ ಇಲ್ಲ. ಮಂಗನ ಕೆನ್ನೆಚೀಲವೂ ನಮ್ಮ ಕೈಚೀಲವೂ ಒಂದೇ: ಗದ್ದಲದಲ್ಲಿ ತುಂಬಿಕೊಂಡು ನಿರುಮ್ಮಳವಾದ ಜಾಗದಲ್ಲಿ ಬಿಚ್ಚುವುದು. ಅಷ್ಟರೊಳಗೆ ಜೊಲ್ಲು ಪಿಷ್ಟವನ್ನು ಒಡೆಯಲು ಶುರುಮಾಡಿರುತ್ತದೆ.

ನನಗೆ ಇದಕ್ಕಿಂತ ಸೋಜಿಗ, ಮಂಗನ ದೂರದ ನೆಂಟ ಕಾಡುಪಾಪ. ಪಶ್ಚಿಮ ಘಟ್ಟದಲ್ಲೂ ಇದೆ, ಬಯಲುಸೀಮೆಯ ಕುರುಚಲಲ್ಲೂ ಇದೆ. ಹಗಲು ನಿದ್ದೆ, ರಾತ್ರಿ ಬೇಟೆ. ತೂಕ ಹೆಚ್ಚೆಂದರೆ ಕಾಲು ಕಿಲೋ ಆಸುಪಾಸು.

ಈ ತೂಕಕ್ಕೂ ಅದರ ಊಟಕ್ಕೂ ನಂಟಿದೆ. ಬಚ್ಚಲೊಲೆಯ ಹಂಡೆಯನ್ನು ನೆನೆಸಿಕೊಳ್ಳಿ. ಬೆಂಕಿ ಆರಿ ಎಷ್ಟೋ ಹೊತ್ತಾದರೂ ನೀರು ಬಿಸಿಯಾಗಿಯೇ ಇರುತ್ತದೆ. ಲೋಟದ ಕಾಫಿಯಾದರೆ ಮಾತು ಮುಗಿಯುವುದರೊಳಗೆ ತಣ್ಣಗಾಗುತ್ತದೆ. ಪುಟ್ಟ ಪ್ರಾಣಿಯ ಮೈ ಲೋಟವಿದ್ದಂತೆ, ಶಾಖ ಬೇಗ ಸೋರುತ್ತದೆ. ದೊಡ್ಡ ಮೈಯ ಮುಸಿಯ ಮಂಗವಾದರೆ ಹಂಡೆಯ ಜಾತಿ. ಎಲೆ ಮೇಯ್ದು, ಕೋಣೆಕೋಣೆಯಾದ ಜಠರದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುವವರೆಗೆ ಕಾಯಬಲ್ಲದು. ಲೋಟಕ್ಕೆ ಆ ಪುರಸೊತ್ತಿಲ್ಲ. ಅದಕ್ಕೆ ಬೇಗ ಹತ್ತಿ ಚೆನ್ನಾಗಿ ಉರಿಯುವ ಸೌದೆ ಬೇಕು, ಅಂದರೆ ಕೀಟ. ಅಮೆರಿಕದ ವಿಜ್ಞಾನಿ ರಿಚರ್ಡ್ ಕೇ ಇದಕ್ಕೊಂದು ಗೆರೆ ಎಳೆದರು: ಸುಮಾರು 500 ಗ್ರಾಂಗಿಂತ ಹಗುರಾದ ವಾನರಬಂಧುಗಳು ಪ್ರೋಟೀನಿಗೆ ಕೀಟ ನೆಚ್ಚುತ್ತವೆ, ಭಾರವಾದವು ಎಲೆ.

ಕಾಡುಪಾಪದ ಜಾಣತನವೆಂದರೆ, ಲೋಟವಾಗಿದ್ದೂ ಉರಿಯನ್ನು ಸಣ್ಣಗೆ ಇಟ್ಟುಕೊಂಡಿರುವುದು. ಅದರ ಚಯಾಪಚಯವೇ ನಿಧಾನ. 1990ರ ದಶಕದ ಕೊನೆಯಲ್ಲಿ ತಮಿಳುನಾಡಿನ ಅಯ್ಯಲೂರಿನಲ್ಲಿ ರಾತ್ರಿಯೆಲ್ಲ ಅದರ ಹಿಂದೆ ಅಲೆದ ವಿಜ್ಞಾನಿ ಅನ್ನಾ ನೆಕಾರಿಸ್ ಕಂಡ ಊಟದಲ್ಲಿ ಶೇಕಡಾ 96 ಪ್ರಾಣಿಮೂಲದ್ದು, ಅದರಲ್ಲಿ ಇರುವೆ, ಗೆದ್ದಲುಗಳದೇ ದೊಡ್ಡ ಪಾಲು. ಕಚ್ಚುವ ಇರುವೆಯನ್ನೂ ತಲೆ ಕೊಡವುತ್ತ, ಜೊಲ್ಲು ಸುರಿಸುತ್ತ ತಿಂದುಬಿಡುತ್ತದೆ. ಜೊತೆಗೆ ಒಂದಿಷ್ಟು ಮರದ ಅಂಟು. ಅದನ್ನು ಕರಗಿಸುವುದು ಮಾತ್ರ ಕರುಳಿನ ಸೂಕ್ಷ್ಮಜೀವಿಗಳ ಪಾಲಿನ ಕೆಲಸ.

ಇರುವೆಯ ಚಿಪ್ಪು ಕೈಟಿನ್ನಿನದು. ಸಸ್ತನಿಗಳಿಗೆ ಅದು ಜೀರ್ಣವಾಗದೆಂದೇ ಬಹುಕಾಲ ಪಾಠ ಹೇಳಿದ್ದರು. ಆ ಪಾಠ ತಪ್ಪು. ಅದನ್ನು ಒಡೆಯುವ ಕೈಟಿನೇಸ್ ಕಿಣ್ವ ಜಠರದಲ್ಲೇ ತಯಾರಾಗುತ್ತದೆ. 2018ರಲ್ಲಿ ಪ್ರಕಟವಾದ ಜೀನ್ ಹೋಲಿಕೆಯ ಪ್ರಕಾರ, ಬರೀ ಬೇಟೆಯಲ್ಲೇ ಬದುಕುವ ಆಗ್ನೇಯ ಏಷ್ಯಾದ ಟಾರ್ಸಿಯರ್ ಎಂಬ ಪುಟ್ಟ ವಾನರಬಂಧುವಿಗೆ ಇಂಥ ಐದು ಜೀನ್‌ಗಳಿವೆ. ಮನುಷ್ಯರಲ್ಲಿ ಕೆಲಸಕ್ಕೆ ಬರುವಂತೆ ಉಳಿದದ್ದು ಒಂದೇ.

ಇಷ್ಟನ್ನೇ ಹಿಡಿದು, ನಾವು ಕೀಟ ತಿನ್ನಲೆಂದೇ ಹುಟ್ಟಿದವರು ಎಂದು ಮಿಡತೆ ಪುಡಿ ಮಾರುವವರ ಮಾತು ನನಗೆ ಅತಿಯೆನಿಸುತ್ತದೆ. ಆದರೆ ಮಲೆನಾಡಿನಲ್ಲಿ ಚಗಳಿ ಎಂಬ ಕೆಂಪಿರುವೆಯ ಚಟ್ನಿ ಅರೆಯುವ ಮನೆಗಳಲ್ಲಿ ಆ ಒಂದು ಜೀನ್‌ಗೆ ಇವತ್ತಿಗೂ ಕೈತುಂಬ ಕೆಲಸ.