ಮೂರು ಸಲ ಒಂದೇ ಬಂದರೆ ಖರೆ ಆತೇನು?

"ಸರ, ಮೂರೂ ರೀಡಿಂಗ್ ಒಂದ ಬಂದಾವ್ರಿ. ಆನ್ಸರ್ ಕರೆಕ್ಟ್ ಐತಿ." ಗದಗ-ಬೆಟಗೇರಿ ಕಡೆ ಪ್ರಾಕ್ಟಿಕಲ್ ಪರೀಕ್ಷೆಗೆ ನಿಂತವರಿಗೆಲ್ಲ ಈ ಮಾತು ಗೊತ್ತು. ಹುಡುಗರು ಹೇಳಿದರೆ ನಕ್ಕು ಸುಮ್ಮನಾಗಬಹುದು. ನೀರಿನ ರಿಪೋರ್ಟಿಗೆ ಸಹಿ ಹಾಕುವವರೂ ಇದನ್ನೇ ಹೇಳಿದಾಗ ತಲೆ ಕೆಡುತ್ತದೆ.

ರೀಡಿಂಗ್ ಮೂರೂ ಕೂಡಿಬಂದರೆ ನಿಮ್ಮ ಕೈ ಒಂದೇ ಹದದಲ್ಲಿ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಉತ್ತರ ಸರಿಯೋ ತಪ್ಪೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಲಕ್ಷ್ಮೇಶ್ವರದ ಪೇಟೆಗೆ ಶೇಂಗಾ ತರುವ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆಟ್ಟ ಕಾಟಾದ ಮೇಲೆ ಅದೇ ಚೀಲವನ್ನು ಮೂರು ಸಲ ಇಟ್ಟರೆ ಮೂರು ಸಲವೂ ಅದೇ ಕಳ್ಳ ತೂಕ ಬರುತ್ತದೆ. ಅವನು ಕಾಟಾಕ್ಕೆ ಮುದ್ರೆ ಬಿದ್ದಿದೆಯೇ ಎಂದು ನೋಡುತ್ತಾನೆ. ನಮ್ಮ ಬಿ.ಎಸ್ಸಿ. ಪದವೀಧರ ನೋಡುವುದಿಲ್ಲ.

ಶಿರಹಟ್ಟಿ ಕಡೆಯ ಒಂದು ಬೋರ್‌ವೆಲ್ ನೀರಿನ ಗಡಸುತನ ಅಳೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. 25 ಮಿ.ಲೀ. ನೀರು, ಪಿಎಚ್ 10ರ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಬ್ಯುರೆಟ್ಟಿನಲ್ಲಿ 0.01 ಮೋಲಾರ್ ಇಡಿಟಿಎ. ದ್ರಾಕ್ಷಿಗೆಂಪು ಹೋಗಿ ನೀಲಿ ಬಂತು, 15.6, 15.6, 15.6. ಒಂದು ಮಿ.ಲೀ.ಗೆ 40ರಂತೆ ಲೆಕ್ಕ ಹಾಕಿದರೆ ಲೀಟರಿಗೆ 624 ಮಿ.ಗ್ರಾಂ. ಬೇರೆ ನೀರು ಸಿಗದ ಕಡೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು 600ರವರೆಗೆ ಮಾತ್ರ. ಹಾಗಾದರೆ ನೀರು ನಾಪಾಸು. ಆದರೆ ಬಾಟಲಿಯಲ್ಲಿದ್ದ ಇಡಿಟಿಎ ನಿಜಕ್ಕೂ 0.009 ಮೋಲಾರ್ ಆಗಿದ್ದರೆ? ಆಗ ಗಡಸುತನ ಸುಮಾರು 562, ನೀರು ಪಾಸು. ಮೂರು ರೀಡಿಂಗುಗಳಲ್ಲಿ ಒಂದಾದರೂ ಈ ಗುಟ್ಟು ಬಿಟ್ಟುಕೊಟ್ಟಿತೇ?

ಇಡಿಟಿಎ ಸಪ್ಪೆಯಾಗಲು ಕಳ್ಳತನವೇನೂ ನಡೆಯಬೇಕಿಲ್ಲ. ಸಾಮಾನ್ಯ ಗಾಜಿನ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದು ಗಾಜಿನೊಳಗಿನ ಕ್ಯಾಲ್ಸಿಯಮ್ಮನ್ನೇ ಹೀರಿಕೊಂಡು ಕೂರುತ್ತದೆ. ಪಾಲಿಥಿನ್ ಬಾಟಲಿಯಲ್ಲಿಡಿ ಎನ್ನುವುದು ಅದಕ್ಕೇ. ಬೇರೆ ದ್ರಾವಣಗಳ ಗತಿಯೂ ಇದೇ: ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬೆಳಕಿಗೆ ಕೆಡುತ್ತದೆ. ಡಿಸ್ಟಿಲ್ಡ್ ವಾಟರ್ ಎಂದು ಬರೆದ ಕ್ಯಾನಿನಲ್ಲಿ ನಲ್ಲಿ ನೀರು ಇದ್ದರೆ ಕಥೆ ಮುಗಿಯಿತು. ಇವನ್ನೆಲ್ಲ ಹಿಡಿಯುವುದು ನಾಲ್ಕನೆಯ ರೀಡಿಂಗ್ ಅಲ್ಲ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಮಾಡಿದ, ಸಾಂದ್ರತೆ ಗೊತ್ತಿರುವ ದ್ರಾವಣದ ಎದುರು ಇಡಿಟಿಎಯನ್ನು ತೂಗಿ ನೋಡಬೇಕು. ಡಿಸ್ಟಿಲ್ಡ್ ನೀರಷ್ಟನ್ನೇ ಇಟ್ಟು ಒಂದು ಬ್ಲ್ಯಾಂಕ್ ಮಾಡಬೇಕು. ಅರ್ಧ ಗಂಟೆಯ ಕೆಲಸ. ಅದಕ್ಕೇ ಬೇಸರ.

ಇನ್ನು ಆ ಮೂರು ರೀಡಿಂಗ್ ಹೇಗೆ 'ಒಂದೇ' ಬರುತ್ತವೆ ಎನ್ನುವುದನ್ನೂ ಆಡಿಬಿಡೋಣ. ಮೊದಲನೆಯದು ಬಂದ ಕೂಡಲೇ ಕಣ್ಣು ಎರಡನೆಯದನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ. ಬಣ್ಣ ಇನ್ನೂ ನೇರಳೆಯಾಗಿದ್ದರೂ ಕೈ ಕಾಕ್ ತಿರುಗಿಸುತ್ತದೆ. "ಎಷ್ಟ್ ಬರಬೇಕ್ರೀ ಸರ?" ಎಂದು ಮೊದಲೇ ಕೇಳಿಕೊಂಡವರದಂತೂ ಬಿಡಿ.

623.47 ಎಂದು ಬರೆದರೆ ಹೆಚ್ಚು ನಿಖರ ಎಂಬ ಭ್ರಮೆ ಇನ್ನೊಂದು. ಆ ಬ್ಯುರೆಟ್ಟಿನ ಅತಿಸಣ್ಣ ಗೆರೆ 0.1 ಮಿ.ಲೀ., ಅಂದರೆ ಲೀಟರಿಗೆ 4 ಮಿ.ಗ್ರಾಂ. ಆ 47 ಕ್ಯಾಲ್ಕುಲೇಟರ್ ಕೊಟ್ಟ ದಕ್ಷಿಣೆ.

ಅಂಕಿ ಸರಿಯಿದ್ದರೂ ಅದು ಯಾವುದರ ಅಂಕಿ ಎಂಬುದನ್ನೂ ನೋಡಬೇಕು. ಗಡಸು ನೀರೆಂದರೆ ಫ್ಲೋರೈಡ್ ನೀರು ಎಂಬ ಮಾತು ಮುಂಡರಗಿ ಕಡೆ ಅಪಾಯಕಾರಿ. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಖರೆ. ಆದರೆ ಕ್ಯಾಲ್ಸಿಯಂ ಹೆಚ್ಚಿದ್ದಲ್ಲಿ ಫ್ಲೋರೈಡ್ ಅದರ ಜೊತೆ ಗಟ್ಟಿಯಾಗಿ ಕೂರುವುದರಿಂದ, ಸೋಪು ಚೆನ್ನಾಗಿ ನೊರೆ ಬರುವ ಮೆದು ನೀರಿನಲ್ಲೇ ಅದು ಹೆಚ್ಚಿರುವುದುಂಟು. ಇಡಿಟಿಎ ಅದನ್ನು ಕಾಣುವುದಿಲ್ಲ; ಅದಕ್ಕೆ ಬೇರೆ ಎಲೆಕ್ಟ್ರೋಡ್ ಇದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಪೆನ್ನಿನಂಥ ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು, ವಿಷವನ್ನಲ್ಲ. ಫಿಲ್ಟರ್ ಮಾರುವವನು ಎರಡು ಸರಳು ಅದ್ದಿ ಕರೆಂಟು ಹರಿಸಿ ನಿಮ್ಮ ಲೋಟದ ನೀರನ್ನು ಕೆಂಪುಕಂದು ಮಾಡುತ್ತಾನಲ್ಲ, ಅದು ಅವನದೇ ಕಬ್ಬಿಣದ ಸರಳಿನ ತುಕ್ಕು. ಲವಣ ತೀರ ಕಡಿಮೆ ಇರುವ ಆರ್‌ಓ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಅದು ತಿಳಿಯಾಗೇ ಉಳಿಯುತ್ತದೆ. ಇದನ್ನು ನಂಬಿ ಸಾವಿರಗಟ್ಟಲೆ ಕೊಟ್ಟವರಲ್ಲಿ ಕೆಮಿಸ್ಟ್ರಿ ಓದಿದವರೇ ಇದ್ದಾರೆ ಎಂಬುದು ನನ್ನ ಹೊಟ್ಟೆಯುರಿ.

ಬಾಯಿಮಾತನ್ನು ನೂರು ಸಲ ಅನುಮಾನಿಸುವ ನಾವು ಅಂಕಿಯ ರೂಪದಲ್ಲಿ ಬಂದದ್ದನ್ನು ಮಾತ್ರ ಹಾಗೇ ನುಂಗುತ್ತೇವೆ. ಪ್ರಿಂಟಾಗಿದ್ದರಂತೂ ಕೇಳುವುದೇ ಬೇಡ. ಮುಂದಿನ ಸಲ ಬೋರ್‌ವೆಲ್ ನೀರಿನ ರಿಪೋರ್ಟು ಕೈಗೆ ಬಂದಾಗ ಎಷ್ಟು ಸಲ ಅಳೆದಿರಿ ಎಂದು ಕೇಳಬೇಡಿ. ದ್ರಾವಣವನ್ನು ಕೊನೆಯ ಸಲ ಸ್ಟ್ಯಾಂಡರ್ಡೈಸ್ ಮಾಡಿದ್ದು ಯಾವಾಗ, ಆ ಪುಸ್ತಕ ತೋರಿಸಿರಿ ಎಂದು ಕೇಳಿ.