ಗಡಿನಾಡಿನ ಪಯಣಿಗನ ಗಂಟು

ಮನೆಯಿಂದ ಹೊರಡುವ ಮನುಷ್ಯನು ದಾರಿಯಲ್ಲಿ ದೊರೆಯದಿರುವುದನ್ನು ಹೊತ್ತು ಹೊರಡುತ್ತಾನೆ. ಆದುದರಿಂದ ಒಂದು ಸೀಮೆಯ ಜನರು ಪಯಣಕ್ಕೆಂದು ಕಟ್ಟಿಕೊಳ್ಳುವ ಗಂಟನ್ನು ಬಿಚ್ಚಿ ನೋಡಿದರೆ ಆ ಸೀಮೆಯ ದಾರಿಗಳು ಎಂಥವು, ಅಲ್ಲಿ ನೀರೆಷ್ಟು, ನೆರಳೆಷ್ಟು, ಅಪರಿಚಿತನಿಗೆ ಸಿಗುವ ಆದರವೆಷ್ಟು ಎಂಬುದೆಲ್ಲ ತಿಳಿದುಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ನಾಡು ಇಂಥ ವಿಚಾರಕ್ಕೆ ಬಹು ಯೋಗ್ಯವಾದುದು. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದುದು ಈಚೆಗೆ. ಮೊದಲು ಒಂದು ಚಿಕ್ಕೋಡಿಗೂ ಇನ್ನೊಂದು ಅಥಣಿಗೂ ಸೇರಿದ್ದವು. ಕೃಷ್ಣೆಯು ಈ ನಾಡನ್ನು ಎರಡಾಗಿ ಸೀಳಿ ಹರಿಯುತ್ತಾಳೆ. ನದಿಯ ಬಡಗಣಕ್ಕೆ ಅಥಣಿ, ಕಾಗವಾಡಗಳ ಎರೆಹೊಲಗಳು. ತೆಂಕಣಕ್ಕೆ ರಾಯಬಾಗ, ಚಿಕ್ಕೋಡಿಗಳು. ಪಡುವಣಕ್ಕೆ ದೂಧಗಂಗಾ, ವೇದಗಂಗಾ ನದಿಗಳ ಸೆರಗಿನಲ್ಲಿ ನಿಪ್ಪಾಣಿಯ ತಂಬಾಕಿನ ಭೂಮಿ. ಪಡುವಣದಲ್ಲಿ ಮಳೆಯ ಕಾಟವಾದರೆ ಮೂಡಣದಲ್ಲಿ ಬಿಸಿಲಿನ ಕಾಟ. ಹೀಗಾಗಿ ಇಲ್ಲಿಯ ಪಯಣಿಗನು ಎರಡಕ್ಕೂ ಸಿದ್ಧನಾಗಿಯೇ ಹೊರಡಬೇಕಾಗುತ್ತಿತ್ತು.

ಗಂಟಿನಲ್ಲಿ ಮೊದಲ ಸ್ಥಾನ ಬುತ್ತಿಯದು. ಹೊಲಕ್ಕೆ ಹೋಗುವವನ ಬುತ್ತಿ ಬೇರೆ, ಊರಿಗೆ ಹೋಗುವವನ ಬುತ್ತಿ ಬೇರೆ. ಹೊಲದ ಬುತ್ತಿಯಲ್ಲಿ ಬಿಸಿ ರೊಟ್ಟಿ, ಪಲ್ಯ, ಮೊಸರು ಇದ್ದರೂ ನಡೆದೀತು, ಏಕೆಂದರೆ ಅದು ಮಧ್ಯಾಹ್ನಕ್ಕೇ ಮುಗಿಯುವಂಥದು. ದೂರದ ಪಯಣಕ್ಕಾದರೋ ಕಟಕ ರೊಟ್ಟಿಯೇ ಬೇಕು. ಹಿಂಗಾರಿ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಅನಂತರ ಒಲೆಯ ಬದಿಗೆ ನಿಲ್ಲಿಸಿ ಅದರಲ್ಲಿಯ ನೀರಿನ ಅಂಶವನ್ನೆಲ್ಲ ಆರಿಸುತ್ತಾರೆ. ಬೂಷ್ಟು ಬೆಳೆಯಲು ತೇವ ಬೇಕು. ತೇವವೇ ಇಲ್ಲದಲ್ಲಿ ರೊಟ್ಟಿಯು ವಾರಗಟ್ಟಲೆ ಕೆಡುವುದಿಲ್ಲ. ಸಂಕ್ರಾಂತಿಯ ಕಾಲದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಗೂ ಇದೇ ಗುಣವುಂಟು. ಇದರ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸೆಯ ಹಿಂಡಿ. ಇವು ಮೂರೂ ಹುರಿದು ಕುಟ್ಟಿದ ಪುಡಿಗಳಾದುದರಿಂದ ಹಳಸುವ ಭಯವಿಲ್ಲ. ಮೇಲಾಗಿ ಎಣ್ಣೆಕಾಳುಗಳಾದುದರಿಂದ ನಡೆಯುವವನಿಗೆ ಬೇಕಾದ ಕಸುವನ್ನು ಕೊಡುತ್ತವೆ. ಒಂದು ಉಳ್ಳಾಗಡ್ಡಿ, ಒಂದು ಬೆಲ್ಲದ ಹೆಂಟೆ ಸೇರಿದರೆ ಊಟ ಪೂರ್ಣವಾಯಿತು. ಪಂಡಿತರು ಸಮತೋಲ ಆಹಾರವೆಂದು ಕರೆಯುವುದನ್ನು ಇಲ್ಲಿಯ ತಾಯಂದಿರು ಒಂದು ಅರಿವೆಯ ತುಂಡಿನಲ್ಲಿ ಕಟ್ಟಿ ಕೊಡುತ್ತಿದ್ದರು.

ನೀರಿಗೆ ಫಿರಕಿ ತಂಬಿಗೆ ಇತ್ತು. ಕಂಠಕ್ಕೆ ತಿರುಪಿನ ಮುಚ್ಚಳವನ್ನುಳ್ಳ ಈ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಿಂದ ಚಕ್ಕಡಿ ಎಷ್ಟು ಕುಲುಕಿದರೂ ಹನಿ ನೀರು ಚೆಲ್ಲುತ್ತಿರಲಿಲ್ಲ. ಬಾವಿಯನ್ನು ಕಂಡರೆ ಸೇದಿಕೊಳ್ಳಲು ಒಂದು ಉದ್ದನೆಯ ಹುರಿಯೂ ಜೊತೆಗಿರುತ್ತಿತ್ತು. ಪರಸ್ಥಳದ ನೀರನ್ನು ಯಾರ ಕೈಯಿಂದ, ಯಾವ ಬಾವಿಯಿಂದ ಪಡೆಯಬಹುದು ಎಂಬ ಪ್ರಶ್ನೆ ಆ ಕಾಲದಲ್ಲಿ ಸಣ್ಣದಾಗಿರಲಿಲ್ಲ. ತಂಬಿಗೆಯನ್ನು ಹೊತ್ತವರಲ್ಲಿ ಕೆಲವರು ಬಾಯಾರಿಕೆಗಾಗಿ ಹೊತ್ತರೆ, ಕೆಲವರು ಮಡಿಗಾಗಿ ಹೊತ್ತರು. ಊರ ಬಾವಿಯನ್ನು ಮುಟ್ಟಗೊಡದ ಕಾರಣಕ್ಕೆ ಹೊತ್ತವರೂ ಇದ್ದರು. ಬಸವಾದಿ ಶರಣರ ಹೆಸರನ್ನು ಹೇಳುವ ನಾಡಿನಲ್ಲಿಯೂ ಹೀಗೆ ನಡೆದುಬಂದಿತೆಂಬುದನ್ನು ಮರೆಯಲಾಗದು.

ಕಂಬಳಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ದಖ್ಖನದ ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಕುರುಬರ ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯನ್ನು ಹಾಕಿ ಬಿಗಿಗೊಳಿಸಿದ ಈ ಕರಿಯ ವಸ್ತ್ರಕ್ಕೆ ಬಣ್ಣದ ಹಂಗಿಲ್ಲ. ಕುರಿಯ ಬಣ್ಣವೇ ಅದರ ಬಣ್ಣ. ಉಣ್ಣೆಯ ಎಳೆಯು ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ತಣ್ಣಗೆ ತಾಗುವುದಿಲ್ಲ. ಆದಕಾರಣ ನಿಪ್ಪಾಣಿ ಕಡೆಯ ಜಡಿಮಳೆಯಲ್ಲಿ ಅದನ್ನೇ ಕೊಪ್ಪೆಯಾಗಿ ಮಡಿಚಿ ತಲೆಯ ಮೇಲಿನಿಂದ ಇಳಿಬಿಟ್ಟುಕೊಂಡು ದಿನವಿಡೀ ನಡೆಯಬಹುದಾಗಿತ್ತು. ಅಥಣಿಯ ಬಯಲಿನಲ್ಲಿ ಅದೇ ಕಂಬಳಿ ಬಿಸಿಲಿಗೆ ಮರೆ, ರಾತ್ರಿಗೆ ಹಾಸಿಗೆ, ಸಂತೆಯಲ್ಲಿ ಕಾಳು ಸುರಿಯುವ ಹಾಸು, ಹಿರಿಯರು ಬಂದರೆ ಗದ್ದುಗೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬುತ್ತ ತಿಂಗಳುಗಟ್ಟಲೆ ಊರೂರು ತಿರುಗುವ ಕುರುಬನಿಗಂತೂ ಕಂಬಳಿ, ಬಡಿಗೆ, ಕೊಡಲಿ ಈ ಮೂರೇ ಮನೆ. ಇಂದು ಪ್ಲಾಸ್ಟಿಕ್ ಹಾಳೆ ಹಗುರ, ಅಗ್ಗ. ಅದು ಮಳೆಯನ್ನು ತಡೆಯುವುದು ನಿಜ. ಒಳಗಿನ ಬೆವರನ್ನೂ ಅಷ್ಟೇ ಗಟ್ಟಿಯಾಗಿ ತಡೆಯುತ್ತದೆಂಬುದು ಅದನ್ನು ಹೊದ್ದು ನಡೆದವರಿಗೆ ಗೊತ್ತು.

ಸೊಂಟದ ಚಂಚಿಯಲ್ಲಿ ಎಲೆ, ಅಡಕೆ, ಸುಣ್ಣದ ಡಬ್ಬಿ, ಅಡಕತ್ತರಿ, ತಂಬಾಕು ಇವುಗಳಿಗೆ ಬೇರೆ ಬೇರೆ ಮನೆಗಳನ್ನು ಹೊಲಿದಿರುತ್ತಿದ್ದರು. ಬೆಂಕಿಪೆಟ್ಟಿಗೆಯು ಹಳ್ಳಿಗೆ ಬರುವ ಮೊದಲು ಚಕಮಕಿ ಕಲ್ಲೂ ಅರಳೆಯೂ ಅದರಲ್ಲಿಯೇ. ಮರದ ನೆರಳಿನಲ್ಲಿ ಇಬ್ಬರು ಅಪರಿಚಿತರು ಕುಳಿತಾಗ ಒಬ್ಬನು ಚಂಚಿಯನ್ನು ಬಿಚ್ಚಿ ಇನ್ನೊಬ್ಬನ ಮುಂದೆ ಹಿಡಿಯುವುದೇ ಮಾತಿನ ಆರಂಭವಾಗಿತ್ತು. ಯಾವ ಊರು, ಯಾರ ಮನೆ, ಮಳೆ ಹೇಗೆ ಎಂಬ ಪ್ರಶ್ನೆಗಳೆಲ್ಲ ಅನಂತರದವು. ಆದರೆ ತಂಬಾಕೂ ಅಡಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಜ್ಞಾನಿಗಳು ನಿಸ್ಸಂದಿಗ್ಧವಾಗಿ ಹೇಳಿರುವಾಗ ಚಂಚಿಯ ಬಗೆಗೆ ಹಂಬಲಿಸುವುದು ಸಲ್ಲದು. ತಂಬಾಕನ್ನೇ ನೆಚ್ಚಿ ಬದುಕಿದ ನಿಪ್ಪಾಣಿಯ ರೈತರ ಮತ್ತು ಬೀಡಿ ಕಟ್ಟುವ ಹೆಣ್ಣುಮಕ್ಕಳ ಪ್ರಶ್ನೆ ಬೇರೆಯೇ ಇದೆ; ಅದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು.

ಹಣವನ್ನು ಗಂಡಸರು ಹಮ್ಮಿಣಿಯಲ್ಲಿ ತುಂಬಿ ನಡುವಿಗೆ ಬಿಗಿಯುತ್ತಿದ್ದರು. ಹೆಂಗಸರು ಸೆರಗಿನ ಚುಂಗಿಗೆ ಗಂಟು ಹಾಕುತ್ತಿದ್ದರು. ಇನ್ನು ಲಿಂಗವಂತರಲ್ಲಿ ಇಷ್ಟಲಿಂಗವು ಸಾಮಾನುಗಳ ಲೆಕ್ಕಕ್ಕೆ ಬರುವಂಥದಲ್ಲ. ಅದು ಅಂಗದ ಮೇಲೆ ಸದಾ ಇರತಕ್ಕದ್ದು. ಗುಡಿಯಿರುವ ಊರನ್ನು ಹುಡುಕದೆ ಹಳ್ಳದ ದಂಡೆಯಲ್ಲಿಯೇ ಕುಳಿತು ಪೂಜೆ ಮುಗಿಸುವ ಸೌಕರ್ಯ ಅದರಿಂದ ಪಯಣಿಗನಿಗೆ ದೊರೆಯಿತು. ಜೊತೆಗೆ ಬೇಕಾದುದು ಒಂದು ವಿಭೂತಿಯ ಗಟ್ಟಿ, ಒಂದು ಶುಭ್ರವಸ್ತ್ರ, ಅಂಗೈಯಷ್ಟು ನೀರು.

ಕಾಲಿಗೆ ಹಾಕುವ ಪಾದರಕ್ಷೆಯನ್ನು ಹೊತ್ತೊಯ್ಯುವ ವಸ್ತುವೆಂದು ಯಾರೂ ಎಣಿಸರು. ಆದರೂ ಈ ನಾಡು ಜಗತ್ತಿಗೆ ಕೊಟ್ಟ ಪಯಣದ ವಸ್ತುವೆಂದರೆ ಅದೇ. ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳು ಅಥಣಿ, ನಿಪ್ಪಾಣಿ, ಮದಭಾವಿ ಮೊದಲಾದ ಊರುಗಳಲ್ಲಿಯೂ ತಲೆಮಾರುಗಳಿಂದ ತಯಾರಾಗುತ್ತ ಬಂದಿವೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು, ಅಟ್ಟೆಗೆ ಎಮ್ಮೆಯ ಚರ್ಮ, ಹೊಲಿಗೆಗೂ ತೊಗಲಿನ ದಾರವೇ. ಮೊಳೆಯ ಬಳಕೆ ಇಲ್ಲ. ಹೊಸತರಲ್ಲಿ ಕಚ್ಚುತ್ತದೆ. ಎಣ್ಣೆ ಸವರಿ ನಾಲ್ಕು ದಿನ ಮೆಟ್ಟಿದರೆ ತೊಟ್ಟವನ ಪಾದದ ಆಕಾರವನ್ನೇ ತಾಳುತ್ತದೆ. ಗಂಡಸರು ಅಟ್ಟೆಯನ್ನು ಕತ್ತರಿಸಿ ಬಡಿದರೆ, ಹೆಣೆಯುವ, ಹೊಲಿಯುವ ನಾಜೂಕಿನ ಕೆಲಸದಲ್ಲಿ ಬಹುಭಾಗ ಹೆಂಗಸರದು. ಸಮಗಾರ ಮನೆತನಗಳ ಈ ದುಡಿಮೆ ಬಹುಕಾಲ ಇನ್ನೊಂದು ಊರಿನ ಹೆಸರಿನಲ್ಲಿಯೇ ಪೇಟೆಯನ್ನು ಸೇರಿತು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿ ಸೇರಿದ್ದು ನ್ಯಾಯವೇ ಆಯಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಸಂಸ್ಥೆಯು ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ಆಕ್ಷೇಪಗಳು ಎದ್ದ ಬಳಿಕ ಭಾರತದ ಕರಕುಶಲ ಪರಂಪರೆಯೇ ಅದಕ್ಕೆ ಪ್ರೇರಣೆಯೆಂದು ಒಪ್ಪಿಕೊಂಡಿತು. ಅಷ್ಟಾದರೂ ಅಥಣಿಯ ಹೆಸರು ಎಷ್ಟು ಜನರ ಕಿವಿಗೆ ಬಿದ್ದಿತು ಎಂಬುದು ಕೇಳಬೇಕಾದ ಪ್ರಶ್ನೆ.

ಪಯಣದ ಬಗೆಗೆ ತಕ್ಕಂತೆ ಗಂಟು ಹಿಗ್ಗುತ್ತದೆ, ಕುಗ್ಗುತ್ತದೆ. ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಗಡಿಯ ಆಚೆಈಚೆಯಿಂದ ಅಲ್ಲಿಗೆ ಚಕ್ಕಡಿ ಹೂಡಿಕೊಂಡು ಬರುವವರು ಒಂದು ಮನೆಯನ್ನೇ ಹೇರಿಕೊಂಡು ಬರುತ್ತಾರೆ: ಎತ್ತಿಗೆ ಕಣಿಕೆ, ಅಚ್ಚಿಗೆ ಸವರುವ ಎಣ್ಣೆ, ಹೆಚ್ಚಿನ ಹಗ್ಗ, ಕಂದೀಲು, ಕೌದಿ, ಅಡಿಗೆಯ ಪಾತ್ರೆ. ಇದಕ್ಕೆ ಪೂರ್ತಿ ವಿರುದ್ಧವಾದುದು ಶ್ರೀಶೈಲದ ಪಾದಯಾತ್ರೆ. ಯುಗಾದಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ತಲಪಬೇಕೆಂದು ಕೆಲವು ವಾರಗಳ ಮೊದಲೇ ಕಂಬಿಯೊಂದಿಗೆ ಹೊರಡುವ ಈ ಭಾಗದ ಭಕ್ತರು ಕಡು ಬೇಸಗೆಯಲ್ಲಿ ನೂರಾರು ಕಿಲೋಮೀಟರು ನಡೆಯುತ್ತಾರೆ. ಕೊನೆಗೆ ಆತ್ಮಕೂರಿನ ಆಚೆ ನಲ್ಲಮಲೆಯ ಅಡವಿ; ನಾಗಲೂಟಿ, ಪೆದ್ದಚೆರವು, ಭೀಮನಕೊಳ್ಳಗಳ ಏರಿಳಿತ. ಅಲ್ಲಿ ಹೊರೆಯೇ ವೈರಿ. ಆದಕಾರಣ ಅನುಭವಸ್ಥರು ಹೊಸಬರ ಚೀಲವನ್ನು ಹೊರಡುವ ಮುನ್ನವೇ ಬಿಚ್ಚಿಸಿ ಅರ್ಧಕ್ಕರ್ಧ ತೆಗೆಸುತ್ತಾರೆ. ಉಳಿಯುವುದು ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರು, ಬೊಕ್ಕೆಗೆ ಹಚ್ಚುವ ಎಣ್ಣೆ. ದಾರಿಯ ಊರುಗಳಲ್ಲಿ ದಾಸೋಹವುಂಟು ಎಂಬ ಭರವಸೆಯಿಂದಲೇ ಬುತ್ತಿಯ ಭಾರ ಇಳಿಯಿತು. ಸಾವಿರಾರು ಅಪರಿಚಿತರಿಗೆ ರೊಟ್ಟಿ ಬಡಿಯುವ ಊರುಗಳು ಇಲ್ಲದಿದ್ದರೆ ಇಷ್ಟು ಹಗುರವಾಗಿ ಯಾರೂ ಹೊರಡಲಾಗುತ್ತಿರಲಿಲ್ಲ.

ಆಸ್ಪತ್ರೆಯ ಪಯಣವನ್ನೂ ಇಲ್ಲಿ ನೆನೆಯಬೇಕು. ಮಿರಜದಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅವರು ಸ್ಥಾಪಿಸಿದ ಮಿಷನ್ ಆಸ್ಪತ್ರೆಗೆ ಅಥಣಿ, ಕಾಗವಾಡ, ರಾಯಬಾಗಗಳ ಜನ ತಲೆಮಾರುಗಳಿಂದ ಹೋಗಿಬರುತ್ತಿದ್ದಾರೆ. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳಿಂದ ರೈಲು ಹತ್ತುವ ರೋಗಿಯ ಜೊತೆಗೆ ಒಂದು ವಾರದ ರೊಟ್ಟಿ, ಹಳೆಯ ಚೀಟಿಗಳ ಸುರುಳಿ ಮತ್ತು ಮರಾಠಿ ಬಲ್ಲ ಒಬ್ಬ ನೆಂಟ ಇರಲೇಬೇಕು. ಈ ಸೀಮೆಯಲ್ಲಿ ಎರಡನೆಯ ಭಾಷೆಯೂ ಪಯಣದ ಸಾಮಾನೇ ಆಗಿದೆ.

1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯಗಳು ಬೇರೆಯಾದ ಮೇಲೆಯೂ ಗಡಿಯನ್ನು ದಾಟಲು ಯಾರೂ ಕಾಗದವನ್ನು ತೋರಿಸಬೇಕಾಗಿರಲಿಲ್ಲ. ಆ ದಿನವೂ ಬಂದಿತು. ಕೊರೋನಾ ಕಾಲದಲ್ಲಿ, 2021ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳ ಒಳಗಿನ ಪರೀಕ್ಷಾ ವರದಿಯನ್ನು ತೋರಿಸಬೇಕೆಂಬ ನಿಯಮವಾಗಿ, ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿಯಲ್ಲಿ ವಾಹನಗಳ ಸಾಲು ನಿಂತಿತು. ಅತ್ತಿತ್ತ ಮಗಳನ್ನು ಕೊಟ್ಟು ಸೊಸೆಯನ್ನು ತಂದ ಮನೆಗಳಿಗೆ ಅದು ವಿಚಿತ್ರವಾದ ಅನುಭವ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಾಗ, ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿ ಅವರ ಗಂಟಿಗೆ ಹೊಸದಾಗಿ ಸೇರಿತು. ಸೆರಗಿನ ಚುಂಗಿನಲ್ಲಿ ಹಣವಿದ್ದ ಜಾಗಕ್ಕೆ ಆಧಾರ್ ಬಂದಿತು ಎಂದರೆ ತಪ್ಪಾಗಲಾರದು. ಅಂಗಡಿಗಳಲ್ಲಿ ಹಣವನ್ನೇ ಮೊಬೈಲಿನಿಂದ ಕೊಡುವ ರೂಢಿ ಬಂದ ಮೇಲೆ ಹಮ್ಮಿಣಿಯ ಹೆಸರೇ ಮಕ್ಕಳಿಗೆ ತಿಳಿಯದು. ಮೊಬೈಲೊಂದರಲ್ಲಿ ಹಣ, ದೀಪ, ಗಡಿಯಾರ, ದಾರಿಯ ನಕ್ಷೆ ಎಲ್ಲವೂ ಅಡಗಿವೆ. ಆದರೆ ಅದರ ಕಸುವು ಒಂದು ದಿನದ್ದು, ಕಟಕ ರೊಟ್ಟಿಯದು ಹಲವು ವಾರದ್ದು.

ಕಾಗದದ ಬೆಲೆ ಎಷ್ಟೆಂಬುದು ನದೀತೀರದವರಿಗೆ ಕಠಿಣವಾಗಿ ತಿಳಿದದ್ದು 2019ರ ಆಗಸ್ಟ್ ತಿಂಗಳಲ್ಲಿ. ಪಶ್ಚಿಮಘಟ್ಟದ ಮಳೆಗೂ ಕೊಯ್ನಾ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರಿಗೂ ಕೃಷ್ಣೆ, ದೂಧಗಂಗೆಗಳು ಉಕ್ಕಿ ಯಡೂರ, ಕಲ್ಲೋಳ, ಕುಡಚಿ, ಉಗಾರ ಮೊದಲಾದ ಊರುಗಳ ಬದಿಗೆ ನೀರು ನುಗ್ಗಿದಾಗ, ಗಂಟು ಕಟ್ಟಲು ಸಮಯವೇ ಇರಲಿಲ್ಲ. ಮಂದಿ ಮೊದಲು ಮಕ್ಕಳನ್ನೂ ಮುದುಕರನ್ನೂ ಎತ್ತಿಕೊಂಡರು, ಅನಂತರ ದನಗಳ ಕಣ್ಣಿ ಬಿಚ್ಚಿದರು. ಉತಾರ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ದಾಖಲೆಗಳು ಟ್ರಂಕಿನಲ್ಲಿಯೇ ಉಳಿದು ಕೆಸರಾದವು. ಪೂರ್ಣವಾಗಿ ಕುಸಿದ ಮನೆಗೆ ಸರ್ಕಾರವು 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಮನೆ ತನ್ನದೆಂದು ತೋರಿಸುವ ಕಾಗದವೇ ಮನೆಯೊಡನೆ ಹೋಗಿದ್ದವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. 2021ರ ಜುಲೈನಲ್ಲಿ ನದಿಗಳು ಮತ್ತೊಮ್ಮೆ ಉಕ್ಕಿದವು. ಈಗ ಹೊಳೆಯ ದಂಡೆಯ ಊರುಗಳಲ್ಲಿ, ಕೊಯ್ನೆಯ ಕಡೆ ಮಳೆ ಹಿಡಿಯಿತೆಂಬ ಸುದ್ದಿ ಬಂದೊಡನೆ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕುವ ಮನೆಗಳಿವೆ. ಅದರ ಪಕ್ಕದಲ್ಲಿಯೇ ಅರಿವೆಯಲ್ಲಿ ಸುತ್ತಿದ ಕಟಕ ರೊಟ್ಟಿಯ ಗಂಟೂ ಇರುತ್ತದೆ.