ಖಾಯಂ ಅಂದ್ರೆ ಏನಜ್ಜ?

ನಮ್ಮ ಮಲ್ಲಂದೂರಿನ ಸುತ್ತಿನ ಕಾಫಿ ತೋಟಗಳಲ್ಲಿ ‘ಖಾಯಂ’ ಎಂಬ ಮಾತಿಗೆ ಬಲು ಬೆಲೆ. ಖಾಯಂ ಆಳು ಎಂದರೆ ಲೈನು ಮನೆಯಲ್ಲೊಂದು ಜಾಗ, ಮಳೆಗಾಲಕ್ಕೊಂದು ಕಂಬಳಿ, ವರ್ಷಕ್ಕೊಮ್ಮೆ ಬೋನಸ್ಸು. ಹಂಗಾಮಿ ಆಳಾದರೆ ಹಣ್ಣು ಕೊಯ್ಲು ಮುಗಿದ ದಿನ ಗಂಟು ಕಟ್ಟಬೇಕು. ಬ್ಯಾಂಕಿನಲ್ಲೂ ಅಷ್ಟೆ. ನಾನು ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿದಾಗ ಆರು ತಿಂಗಳು ಪ್ರೊಬೇಷನ್. ಆಮೇಲೆ ಸೇವೆ ಖಾಯಂ ಆಯಿತೆಂದು ಒಂದು ಕಾಗದ ಬಂತು. ನಮ್ಮಪ್ಪ ಅದನ್ನು ದೇವರ ಗೂಡಿನಲ್ಲಿಟ್ಟು ಮೂಲೆಗೆ ಕುಂಕುಮ ಹಚ್ಚಿದರು.

ಹೋದ ವರ್ಷ ನನ್ನ ಮಗಳ ಮನೆಗೂ ಅಂಥದೇ ಕಾಗದ ಬಂತು. ಕೆನಡಾ ಸರ್ಕಾರದ್ದು. ಮಗಳಿಗೊಂದು, ಅಳಿಯನಿಗೊಂದು, ಮೂರನೇ ತರಗತಿಯ ಮೊಮ್ಮಗಳಿಗೂ ಒಂದು. ಅದರ ತಲೆಬರಹವನ್ನು ಕನ್ನಡಕ್ಕೆ ತಂದರೆ ‘ಖಾಯಂ ನಿವಾಸದ ದೃಢೀಕರಣ’ ಎಂದಾಗುತ್ತದೆ. ಮೊಮ್ಮಗಳು ತನ್ನ ಹೆಸರಿರುವ ಹಾಳೆ ಹಿಡಿದುಕೊಂಡು ಬಂದು, “ಖಾಯಂ ಅಂದ್ರೆ ಏನಜ್ಜ? ಇನ್ನು ವಾಪಸ್ ಬರೋ ಹಾಗೇ ಇಲ್ವಾ?” ಎಂದು ಕೇಳಿದಳು. ಅವಳ ಅಜ್ಜಿ ಅಡುಗೆಮನೆಯಲ್ಲಿ ಕೈಕೆಲಸ ನಿಲ್ಲಿಸಿದ್ದು ನನಗೆ ಗೊತ್ತಾಯಿತು. ಆ ಪ್ರಶ್ನೆ ಅವಳದ್ದೂ ಆಗಿತ್ತು.

ಮಕ್ಕಳೇ, ಆ ಕಾಗದ ಬಂದ ಮಾತ್ರಕ್ಕೆ ಯಾರೂ ಖಾಯಂ ಆಗುವುದಿಲ್ಲ. ಅದರ ಮೇಲೆ ಒಂದು ಕೊನೆಯ ದಿನಾಂಕ ಇರುತ್ತದೆ. ವೈದ್ಯಕೀಯ ಪರೀಕ್ಷೆಗೂ ಪಾಸ್‌ಪೋರ್ಟಿಗೂ ಎಷ್ಟು ದಿನ ಆಯುಸ್ಸಿದೆ ಎಂದು ನೋಡಿ ಹಾಕಿರುತ್ತಾರೆ. ಅಷ್ಟರೊಳಗೆ ಆ ದೇಶದ ನೆಲ ಮುಟ್ಟಿ, ಅಲ್ಲಿನ ಅಧಿಕಾರಿಯ ಎದುರು ನಿಂತು, ಅವರು ನೋಡಿ ಒಪ್ಪಬೇಕು. ಅದಕ್ಕೆ ‘ಲ್ಯಾಂಡಿಂಗ್’ ಎಂದೇ ಹೆಸರು. ವಿಮಾನ ಇಳಿಯುವುದಕ್ಕೂ ಲ್ಯಾಂಡಿಂಗ್, ಮನುಷ್ಯ ಇಳಿಯುವುದಕ್ಕೂ ಲ್ಯಾಂಡಿಂಗ್. ಚೆಕ್ಕು ಕೈಗೆ ಬಂದರೂ ಪಾಸಾಗುವ ತನಕ ದುಡ್ಡಲ್ಲ ಎಂದು ನಾನು ಕೌಂಟರಿನಲ್ಲಿ ಕೂತು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಇದೂ ಹಾಗೆಯೇ.

ಅವರು ಹೊರಟದ್ದು ಪುಷ್ಯ ಮಳೆಯಲ್ಲಿ. ಮಲ್ಲಂದೂರಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಆರೇಳು ಗಂಟೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ ನೋಡಲು ಚೆಂದ. ಚಾವಣಿಗೆ ಬಿದಿರು, ಮೇಲಿನಿಂದ ಇಳಿಬಿಟ್ಟ ಗಿಡಬಳ್ಳಿ. ಆದರೆ ಟಿಕೆಟ್ಟಿಲ್ಲದ ಅಜ್ಜ ಅಜ್ಜಿಯರಿಗೆ ಬಾಗಿಲಿನ ತನಕ ಮಾತ್ರ. ಅಲ್ಲಿಂದ ಮುಂದಿನದನ್ನು ಮಗಳು ಫೋನಿನಲ್ಲಿ ಹೇಳಿದಂತೆ ಬರೆಯುತ್ತಿದ್ದೇನೆ. ನಾನು ನಿಯಮಗಳನ್ನು ಮೊದಲೇ ಓದಿಟ್ಟುಕೊಂಡಿದ್ದೆ. ಐವತ್ತು ವರ್ಷದ ಚಟ, ಫಾರ್ಮು ಕಂಡರೆ ಹಿಂಭಾಗದ ಸಣ್ಣಕ್ಷರವನ್ನೂ ಬಿಡುವುದಿಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಿ ಟೊರೊಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಇಳಿದರು. ಕೆನಡಾದಲ್ಲಿ ಮೊದಲು ಎಲ್ಲಿ ಕಾಲಿಡುತ್ತೀರೋ ಅಲ್ಲೇ ಲ್ಯಾಂಡಿಂಗ್ ಕೆಲಸ ಆಗಬೇಕು. ಮುಂದಿನ ಊರಿಗೆ ಇನ್ನೊಂದು ವಿಮಾನವಿದ್ದರೆ ನಡುವೆ ಸಾಕಷ್ಟು ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಒಂದು ಯಂತ್ರದ ಎದುರು ನಿಂತು, ಏನು ತಂದಿದ್ದೀರಿ, ಎಷ್ಟು ಹಣವಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಆಮೇಲೆ ಅಧಿಕಾರಿ. ಹೊಸ ಖಾಯಂ ನಿವಾಸಿಗಳು ಎಂದು ತಿಳಿದ ಕೂಡಲೇ ಬೇರೊಂದು ಹಾಲಿಗೆ ಕಳಿಸುತ್ತಾರೆ. ಅಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಯ ಹಾಗೆ ಬೆಂಚುಗಳು, ಮಗು ಮಲಗಿಸಿಕೊಂಡ ತಾಯಂದಿರು, ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತ ಹತ್ತು ದೇಶದವರು. ಸರದಿ ಬರುವ ತನಕ ಕಾಯಬೇಕು.

ಸರದಿ ಬಂದ ಮೇಲೆ ಕೇಳುವುದು ಕೆಲವೇ ಪ್ರಶ್ನೆ. ಎಂದಾದರೂ ಶಿಕ್ಷೆ ಆಗಿದೆಯೇ? ಯಾವುದಾದರೂ ದೇಶದಿಂದ ಹೊರಗೆ ಹಾಕಿದ್ದಾರೆಯೇ? ಅರ್ಜಿಯಲ್ಲಿ ಹೇಳದೆ ಬಿಟ್ಟ ಸಂಸಾರದವರು ಇದ್ದಾರೆಯೇ? ನೆಲೆ ನಿಲ್ಲುವ ತನಕ ಬದುಕಲು ಹಣವಿದೆಯೇ? ಹತ್ತು ಸಾವಿರ ಕೆನಡಾ ಡಾಲರ್ ಅಥವಾ ಅದಕ್ಕೂ ಹೆಚ್ಚು ಒಯ್ದರೆ ತಪ್ಪೇನಿಲ್ಲ, ಹೇಳದಿದ್ದರೆ ತಪ್ಪು. ನಂತರ ಸಹಿ. ಕಾರ್ಡನ್ನು ಯಾವ ವಿಳಾಸಕ್ಕೆ ಕಳಿಸಲಿ ಎಂದು ಕೇಳುತ್ತಾರೆ. ಅದು ಕೆನಡಾದ ವಿಳಾಸವೇ ಆಗಬೇಕು. ಆ ಹೊತ್ತಿಗೆ ಇಲ್ಲದಿದ್ದರೆ 180 ದಿನದೊಳಗೆ ತಿಳಿಸಬೇಕು. ಅಧಿಕಾರಿ ಮೊಮ್ಮಗಳನ್ನೂ ನೋಡಿ ನಕ್ಕರಂತೆ. “ಅಷ್ಟೇನಾ?” ಎಂದು ಇವಳು ತಾಯಿಯನ್ನು ಕನ್ನಡದಲ್ಲೇ ಕೇಳಿದಳಂತೆ.

ಅಷ್ಟೇ ಆಗಿರಲಿಲ್ಲ, ಹಿಂದೆ. ಅಮೆರಿಕದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ವಲಸಿಗರ ತಪಾಸಣೆ ನಡೆಯುತ್ತಿತ್ತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಆ ಬಾಗಿಲು ದಾಟಿದರು. ಮೊದಲ ದಿನ, ಜನವರಿ 1ರಂದು, ಮೊದಲು ಹೆಸರು ಬರೆಸಿದವಳು ಐರ್ಲೆಂಡಿನ ಹುಡುಗಿ ಆನಿ ಮೂರ್. ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಹಡಗಿನಲ್ಲಿ ಬಂದಿದ್ದಳು. ಅಪ್ಪ ಅಮ್ಮ ಮೊದಲೇ ನ್ಯೂಯಾರ್ಕ್ ಸೇರಿದ್ದರು. ಅವಳ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಮೆಟ್ಟಿಲು ಹತ್ತಿ ಬರುವವರನ್ನು ವೈದ್ಯರು ನೋಡುತ್ತ ನಿಂತು, ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಗೀಚುತ್ತಿದ್ದರು. ಹೃದಯಕ್ಕೆ ‘ಎಚ್’, ಕಣ್ಣಿಗೆ ‘ಇ’, ಕುಂಟಿದರೆ ‘ಎಲ್’. ಕೆನಡಾದಲ್ಲಿ ಅಂಥ ಬಾಗಿಲು ಹ್ಯಾಲಿಫ್ಯಾಕ್ಸ್ ಬಂದರಿನ ‘ಪಿಯರ್ 21’. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ಜನ ಅಲ್ಲಿ ಇಳಿದರು. ಈಗ ಅದು ವಸ್ತುಸಂಗ್ರಹಾಲಯ.

ಆದರೆ ನಮ್ಮ ದೇಶದವರ ಮಟ್ಟಿಗೆ ಕೆನಡಾದ ಬಾಗಿಲು ಮುಚ್ಚಿಯೇ ಇತ್ತು. ಇದನ್ನು ಶಾಲೆಯ ಮಕ್ಕಳು ಗಮನವಿಟ್ಟು ಓದಬೇಕು. 1908ರಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ಮಾಡಿತು. ವಲಸೆ ಬರುವವರು ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ, ಒಂದೇ ಪ್ರಯಾಣದಲ್ಲಿ ಬರಬೇಕು. ಭಾರತದಿಂದ ನೇರ ಹಡಗು ಇರಲಿಲ್ಲ. ‘ಭಾರತೀಯರು ಬೇಡ’ ಎಂದು ಎಲ್ಲೂ ಬರೆಯದೆ ಬೇಡ ಎಂದ ಹಾಗಾಯಿತು. 1914ರ ಮೇ 23ರಂದು ‘ಕೊಮಗಾಟಾ ಮಾರು’ ಎಂಬ ಜಪಾನಿನ ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್ ಮುಟ್ಟಿತು. ಬಹುತೇಕ ಎಲ್ಲರೂ ಪಂಜಾಬಿನವರು, ಹೆಚ್ಚಿನವರು ಸಿಖ್ಖರು. ದಡ ಕಣ್ಣಿಗೆ ಕಾಣುತ್ತಿದ್ದರೂ ಎರಡು ತಿಂಗಳು ಹಡಗಿನಲ್ಲೇ ಇಟ್ಟರು. ಇಳಿಯಲು ಬಿಟ್ಟದ್ದು ಇಪ್ಪತ್ತು ಚಿಲ್ಲರೆ ಜನರನ್ನು ಮಾತ್ರ. ಜುಲೈ 23ರಂದು ಹಡಗನ್ನು ಹಿಂದಕ್ಕೆ ಕಳಿಸಿದರು. ಅದು ಕಲ್ಕತ್ತೆಯ ಹತ್ತಿರದ ಬಜ್‌ಬಜ್‌ಗೆ ಬಂದಾಗ ಬ್ರಿಟಿಷ್ ಪೊಲೀಸರ ಗುಂಡಿಗೆ ಹಲವರು ಸತ್ತರು. ಇದಕ್ಕಾಗಿ ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದ್ದು 2016ರ ಮೇ 18ರಂದು. ನೂರೆರಡು ವರ್ಷ ತಡ.

1967ರಲ್ಲಿ ಕೆನಡಾ ಅಂಕಗಳ ಪದ್ಧತಿ ತಂದಿತು. ಯಾವ ದೇಶದವರು ಎನ್ನುವುದರ ಬದಲು ಓದು, ಕೆಲಸ, ವಯಸ್ಸು, ಭಾಷೆಗೆ ಅಂಕ. ಈಗಿನದು 2015ರಲ್ಲಿ ಶುರುವಾದ ವ್ಯವಸ್ಥೆ, ಅಂಕ ಅದರಲ್ಲೂ ಇದೆ. ನನ್ನ ಮಗಳು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಕಾಫಿ ಕುಡಿದು, ಇನ್ನೊಂದು ವಿಮಾನ ಹತ್ತಿ ಹೋದಳು. ಯಾಕೆ ನೇರ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಇನ್ನು ಪಟ್ಟಿಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ನಿಜವಾಗಿ ನಿದ್ದೆ ಕೆಡಿಸಿದ್ದು ಇದೇ.

ಖಾಯಂ ನಿವಾಸಿಯಾಗಿ ಮೊದಲ ಸಲ ಇಳಿಯುವವರು ತಮ್ಮ ಮನೆ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಆದರೆ ಎರಡು ಪಟ್ಟಿ ಕೊಡಬೇಕು. ಜತೆಗೆ ತಂದದ್ದು ಒಂದು, ಮುಂದೆ ಬರುವುದು ಇನ್ನೊಂದು. ಪ್ರತಿಯೊಂದಕ್ಕೂ ಕೆನಡಾ ಡಾಲರಿನಲ್ಲಿ ಬೆಲೆ. ಒಡವೆಯಾದರೆ ಫೋಟೊ, ವಿವರ, ಸಾಧ್ಯವಾದರೆ ಅಕ್ಕಸಾಲಿಗರ ಚೀಟಿ. ಸುಂಕದ ಮೇಜಿನವರು ಅದನ್ನು ನೋಡಿ ಒಂದು ದಾಖಲೆ ಮಾಡಿ ಕೊಡುತ್ತಾರೆ. ಆ ನಮೂನೆಯ ಹೆಸರು ‘ಬಿಎಸ್‌ಎಫ್ 186’. ನಮ್ಮ ಗಡಿ ಪಡೆಗೂ ಇದಕ್ಕೂ ಸಂಬಂಧವಿಲ್ಲ! ಈ ಪಟ್ಟಿಯಲ್ಲಿ ಬರೆಯದೆ ಬಿಟ್ಟ ವಸ್ತುವನ್ನು ಆಮೇಲೆ ತರಿಸಿಕೊಂಡರೆ ಸುಂಕ ಬೀಳಬಹುದು. ಸುಂಕವಿಲ್ಲದೆ ತಂದದ್ದನ್ನು ಒಂದು ವರ್ಷದೊಳಗೆ ಮಾರಿದರೂ ಕಟ್ಟಬೇಕು.

ನನ್ನ ಮನೆಯವರ ಹತ್ತಿರ ಅವಳ ತಾಯಿಯಿಂದ ಬಂದ ಒಂದು ಅವಲಕ್ಕಿ ಸರ ಇದೆ. ಮಗಳಿಗೇ ಕೊಡುವುದೆಂದು ಯಾವತ್ತೋ ತೀರ್ಮಾನವಾಗಿತ್ತು. ಯಾವಾಗ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ‘ನಾನು ಹೋದ ಮೇಲೆ’ ಎಂಬುದು ಬಾಯಿಬಿಟ್ಟು ಹೇಳದ ಮಾತು. ಮುಂದೆ ಬರುವ ಸಾಮಾನಿನ ಪಟ್ಟಿಯಲ್ಲಿ ಸರವನ್ನೂ ಸೇರಿಸೋಣ, ಎಂದಾದರೂ ಒಯ್ಯಲಿ ಎಂದು ನಾನು ಪೆನ್ನು ಹಿಡಿದೆ. ನಿಯಮ ಓದಿದರೆ ಅಲ್ಲೊಂದು ಸಾಲು: ವಸ್ತು ಆ ದೇಶಕ್ಕೆ ಇಳಿಯುವ ಮೊದಲೇ ನಿಮ್ಮದಾಗಿರಬೇಕು, ನಿಮ್ಮ ಕೈಯಲ್ಲಿರಬೇಕು, ನೀವು ಬಳಸಿರಬೇಕು. ಉಯಿಲಿನಿಂದ ಬರುವುದಕ್ಕೆ ಬೇರೆ ನಿಯಮವಿದೆ. ಅದನ್ನೂ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಉಯಿಲು ಗಿಯಿಲು ಬೇಡ ಕಣ್ರಿ. ನಾನು ಬದುಕಿರುವಾಗಲೇ ಅವಳ ಕೊರಳಲ್ಲಿ ನೋಡ್ತೀನಿ” ಎಂದಳು. ಪೆಟ್ಟಿಗೆಯಿಂದ ತೆಗೆದು, ಆ ಸೋಮವಾರ ಮಗಳಿಗೆ ಹಾಕಿಸಿ, ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಹೊರಡುವ ತನಕ ಮಗಳು ಅದನ್ನು ತೆಗೆಯಲಿಲ್ಲ, ಹಾಲು ಕಾಯಿಸುವಾಗಲೂ ಕೊರಳಲ್ಲೇ. ಫೋಟೊ ತೆಗೆಸಿದೆವು, ಚಿಕ್ಕಮಗಳೂರಿನ ಅಕ್ಕಸಾಲಿಗರಲ್ಲಿ ತೂಕ ಹಾಕಿಸಿ ಚೀಟಿ ಬರೆಸಿದೆವು. ‘ಜತೆಗೆ ತಂದದ್ದು’ ಪಟ್ಟಿಯ ಹನ್ನೊಂದನೇ ಸಾಲು ಅದು. ಹನ್ನೆರಡನೆಯದು ಹಿತ್ತಾಳೆಯ ಕಾಫಿ ಫಿಲ್ಟರು. ಹದಿಮೂರು, ಮೊಮ್ಮಗಳ ಕ್ಯಾರಂ ಬೋರ್ಡು, ‘ಮುಂದೆ ಬರುವುದು’ ಪಟ್ಟಿಗೆ ಹೋಯಿತು. ಅದಕ್ಕೆ ಒಂದು ಗಂಟೆ ಅತ್ತಳು.

ತಿನ್ನುವ ಪದಾರ್ಥದ ಪ್ರಶ್ನೆ ಬೇರೆ. ಸಸ್ಯ, ಬೀಜ, ಹಾಲಿನದು, ಮಾಂಸದ್ದು ಏನಿದ್ದರೂ ಹೇಳಲೇಬೇಕು. ಮಣ್ಣಂತೂ ಕೂಡದು. ಬೇರಿಗೆ ಅಂಟಿದ ಮಣ್ಣೂ ಕೂಡದು. ಮೊಮ್ಮಗಳು ನಮ್ಮ ಹಿತ್ತಲಿನ ಒಂದು ಕಾಫಿ ಸಸಿ ಒಯ್ಯಬೇಕೆಂದಿದ್ದಳು. ನಾನು ಅವಳಿಗೆ ಬಾಬಾ ಬುಡನ್ ಕಥೆ ಹೇಳಿದೆ. ನಮ್ಮೂರಿನ ನೆತ್ತಿಯ ಮೇಲಿರುವ ಗಿರಿಗೆ ಅವರದೇ ಹೆಸರು. ಹದಿನೇಳನೇ ಶತಮಾನದಲ್ಲಿ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ಅಡಗಿಸಿ ತಂದರೆಂದು ಜನ ಹೇಳುತ್ತಾರೆ. “ಹಾಗಾದ್ರೆ ಅವ್ರು ಪಟ್ಟಿ ಬರೆದಿರ್ಲಿಲ್ವಾ?” ಎಂದಳು. ಬರೆದಿದ್ದರೆ ನಮ್ಮ ಮಲ್ಲಂದೂರಿನಲ್ಲಿ ಕಾಫಿ ಇರುತ್ತಿರಲಿಲ್ಲವೇನೋ. ಅದನ್ನು ಮಗುವಿಗೆ ಹೇಳಲಿಲ್ಲ. ಹುರಿದ ಕಾಫಿಪುಡಿ ಎರಡು ಕಿಲೊ ಕಳಿಸಿದೆವು, ಪಟ್ಟಿಯಲ್ಲಿ ಬರೆದೇ.

ಈಗ ಅವಳ ಮೊದಲ ಪ್ರಶ್ನೆಗೆ ಉತ್ತರ. ಖಾಯಂ ನಿವಾಸಿ ಎಂದರೆ ಆ ದೇಶದ ಪ್ರಜೆಯಲ್ಲ. ಪಾಸ್‌ಪೋರ್ಟು ಭಾರತದ್ದೇ. ಅಲ್ಲಿ ಇರಬಹುದು, ದುಡಿಯಬಹುದು, ಓದಬಹುದು, ಓಟು ಹಾಕುವಂತಿಲ್ಲ. ಮತ್ತು, ಅಜ್ಜಿಯರೇ ಕೇಳಿ, ವಾಪಸ್ ಬರಬಾರದೆಂದು ಎಲ್ಲೂ ಇಲ್ಲ. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಆ ಸ್ಥಾನ ಉಳಿಯುತ್ತದೆ. ಪ್ರಜೆಯಾಗಬೇಕೆಂದರೆ ಅರ್ಜಿಯ ಹಿಂದಿನ ಐದು ವರ್ಷದಲ್ಲಿ 1095 ದಿನ ಇರಬೇಕು. ಆಗ ಭಾರತದ ಪೌರತ್ವ ಬಿಡಬೇಕಾಗುತ್ತದೆ, ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ತುಮಕೂರು ಜಿಲ್ಲೆಯ ಶಿರಾ ಕಡೆಯ ಚಂದ್ರ ಆರ್ಯ 2006ರಲ್ಲಿ ಕೆನಡಾಕ್ಕೆ ಹೋಗಿ, 2015ರಲ್ಲಿ ಅಲ್ಲಿನ ಸಂಸತ್ತಿಗೇ ಆರಿಸಿ ಬಂದರು. 2022ರ ಮೇ ತಿಂಗಳಲ್ಲಿ ಅಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಕಾರ್ಡು ಕೈಗೆ ಬರುವ ತನಕ ದೇಶ ಬಿಡದಿರುವುದು ಕ್ಷೇಮ. ಮರಳಿ ಹೋಗಲು ವಿಮಾನ ಹತ್ತುವಾಗ ಆ ಕಾರ್ಡನ್ನೇ ಕೇಳುತ್ತಾರೆ. ಇಲ್ಲದಿದ್ದರೆ ಬೇರೊಂದು ಪ್ರಯಾಣದ ದಾಖಲೆಗೆ ಅರ್ಜಿ ಹಾಕಿ ಕಾಯಬೇಕು. ಆ ಕೆಲವು ವಾರ ನನ್ನ ಮನೆಯವಳು ತನಗೆ ಬಂದ ಜ್ವರವನ್ನು ಮಗಳಿಗೆ ಹೇಳಲಿಲ್ಲ. “ಶೀತ ಅಷ್ಟೆ” ಎಂದು ಫೋನಿನಲ್ಲಿ ನಗುತ್ತಿದ್ದಳು. ಕಾರ್ಡು ಬಂತೆಂದು ಗೊತ್ತಾದ ದಿನ ಎಲ್ಲ ಹೇಳಿ ಚೆನ್ನಾಗಿ ಬೈಸಿಕೊಂಡಳು.

ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆ ಕೆನಡಾದಲ್ಲಿ ‘ಸೂಪರ್ ವೀಸಾ’ ಎಂದು ಒಂದಿದೆ. 2011ರ ಕೊನೆಯಲ್ಲಿ ಬಂದದ್ದು. ಈಗ ಒಂದು ಸಲ ಹೋದರೆ ಐದು ವರ್ಷದ ತನಕ ಇರಬಹುದು. ಮಗನೋ ಮಗಳೋ ಇಷ್ಟು ಆದಾಯವಿದೆ ಎಂದು ತೋರಿಸಬೇಕು, ನಮ್ಮ ಹೆಸರಿನಲ್ಲಿ ಆರೋಗ್ಯ ವಿಮೆ ಇರಬೇಕು, ವೈದ್ಯರ ಪರೀಕ್ಷೆಯಾಗಬೇಕು. ಮಗಳು ಅರ್ಜಿ ಕಳಿಸಿದ್ದಾಳೆ. ಇಪ್ಪತ್ತು ಚಿಲ್ಲರೆ ಪುಟ ಮುದ್ರಿಸಿ ಮೇಜಿನ ಮೇಲಿಟ್ಟಿದ್ದೇನೆ. “ಐದು ವರ್ಷ ಯಾರು ಇರ್ತಾರೆ? ನಾಲ್ಕು ತಿಂಗಳು ಸಾಕು. ಹಿತ್ತಲಿನ ಹಣ್ಣು ಕುಯ್ದು ಮುಗೀಲಿ, ಆಮೇಲೆ ತುಂಬಿ” ಎಂದಿದ್ದಾಳೆ ನಮ್ಮವಳು. ಕ್ಯಾರಂ ಬೋರ್ಡನ್ನು ಹಳೆ ಸೀರೆಯಲ್ಲಿ ಸುತ್ತಿ ಈಗಲೇ ಕಟ್ಟಿಟ್ಟಿದ್ದಾಳೆ.